ಇಲವಾಲದ ಹೊಲದಂಚಿನಲ್ಲಿ

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಹೊರಟವರಿಗೆ ಈಗ ನಗರವು ಎಲ್ಲಿ ಮುಗಿಯಿತು, ಹಳ್ಳಿಯು ಎಲ್ಲಿ ಆರಂಭವಾಯಿತು ಎಂದು ಗುರುತಿಸುವುದು ಕಷ್ಟ. ನಾನು ಮಠದ ವಿದ್ಯಾರ್ಥಿನಿಲಯದಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಲ್ಲಿ ಹಿನಕಲ್ ಗ್ರಾಮವನ್ನು ದಾಟಿದೊಡನೆ ರಾಗಿಯ ಹೊಲಗಳೂ ಹುರುಳಿಯ ಹೊಲಗಳೂ ಕಣ್ಣಿಗೆ ಬೀಳುತ್ತಿದ್ದವು. ಇಂದು ಹಿನಕಲ್, ಹೂಟಗಳ್ಳಿ, ಬೆಳವಾಡಿಗಳ ಉದ್ದಕ್ಕೂ ಕಾರ್ಖಾನೆಗಳು, ಬಡಾವಣೆಗಳು, ಕಲ್ಯಾಣಮಂಟಪಗಳು. ಸುಮಾರು 15 ಕಿಲೋಮೀಟರು ಸಾಗಿದ ಮೇಲೆ ಸಿಗುವ ಇಲವಾಲವು ಹೋಬಳಿಯ ಕೇಂದ್ರ. ನೇರವಾದ ರಸ್ತೆ ಹುಣಸೂರಿಗೂ ಮಡಿಕೇರಿಗೂ ಹೋದರೆ, ಇಲ್ಲಿಂದ ಕವಲೊಡೆದ ಮತ್ತೊಂದು ರಸ್ತೆ ಕೃಷ್ಣರಾಜಸಾಗರದ ಕಡೆಗೆ ಹೊರಳುತ್ತದೆ. ಸಂತೆಗೆ ಬಂದ ರೈತರೂ, ಕಾರ್ಖಾನೆಯ ಸರದಿ ಮುಗಿಸಿದ ಯುವಕರೂ, ಕೊಡಗಿಗೆ ಹೊರಟ ಪ್ರವಾಸಿಗರೂ ಒಂದೇ ಚಹದಂಗಡಿಯ ಮುಂದೆ ನಿಂತಿರುವುದನ್ನು ಇಲ್ಲಿ ಕಾಣಬಹುದು.

ಹೊರನೋಟಕ್ಕೆ ಇಲವಾಲದಲ್ಲಿ ಯಾತ್ರಿಕರನ್ನು ಸೆಳೆಯುವ ಮಹಾಕ್ಷೇತ್ರವೇನೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಆಸ್ಥಾನದಲ್ಲಿದ್ದ ಬ್ರಿಟಿಷ್ ರೆಸಿಡೆಂಟರು ಊರಿನ ಬಳಿ ಒಂದು ಬಂಗಲೆಯನ್ನು ಕಟ್ಟಿಸಿಕೊಂಡಿದ್ದರು ಎಂಬುದನ್ನು ಚರಿತ್ರೆಯ ಆಸಕ್ತರು ಬಲ್ಲರು. ಆದರೆ ಈ ಊರಿನ ಹೆಸರು ಇಡೀ ಭಾರತಕ್ಕೆ ಪರಿಚಯವಾದದ್ದು 1957ರ ಸೆಪ್ಟೆಂಬರ್ 21 ಮತ್ತು 22ರಂದು. ಆಚಾರ್ಯ ವಿನೋಬಾ ಭಾವೆಯವರು ಆಗ ಕರ್ನಾಟಕದಲ್ಲಿ ಪಾದಯಾತ್ರೆಯಲ್ಲಿದ್ದರು. ಸರ್ವಸೇವಾ ಸಂಘವು ಕರೆದ ಗ್ರಾಮದಾನ ಪರಿಷತ್ತು ಇಲವಾಲದಲ್ಲಿ ಸೇರಿತು. ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಬಂದರು. ಪ್ರಧಾನಿ ಜವಾಹರಲಾಲ್ ನೆಹರೂ ಬಂದರು. ಜಯಪ್ರಕಾಶ ನಾರಾಯಣರು ಬಂದರು. ಆಗಷ್ಟೇ ಕೇರಳದಲ್ಲಿ ಅಧಿಕಾರಕ್ಕೆ ಬಂದಿದ್ದ ಕಮ್ಯೂನಿಸ್ಟ್ ಸರ್ಕಾರದ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾದರೂ ಬಂದರು. ಪಕ್ಷಪಕ್ಷಗಳ ನಡುವಿನ ಭೇದವನ್ನು ಬದಿಗಿಟ್ಟು ಇಷ್ಟು ಜನ ಹಿರಿಯರು ಒಂದು ಹಳ್ಳಿಯಲ್ಲಿ ಕುಳಿತು ಚರ್ಚಿಸಿದ ವಿಷಯ ಒಂದೇ: ಭೂಮಿಯು ಯಾರದು?

ಈ ಪ್ರಶ್ನೆಗೆ ಆರು ವರ್ಷಗಳ ಹಿಂದಿನ ಒಂದು ಹಿನ್ನೆಲೆಯಿತ್ತು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ಹರಿಜನ ಬಂಧುಗಳು ವಿನೋಬಾರಲ್ಲಿ 80 ಎಕರೆ ಭೂಮಿಯನ್ನು ಬೇಡಿದಾಗ, ಅದೇ ಊರಿನ ರಾಮಚಂದ್ರರೆಡ್ಡಿಯವರು 100 ಎಕರೆ ಕೊಡುವುದಾಗಿ ಎದ್ದುನಿಂತರು. ಭೂದಾನವು ಹಾಗೆ ಹುಟ್ಟಿತು. ಮುಂದೆ ಅದು ಗ್ರಾಮದಾನವಾಗಿ ಬೆಳೆಯಿತು. ಒಬ್ಬ ಧನಿಕನು ಒಬ್ಬ ಬಡವನಿಗೆ ಕೊಡುವುದಲ್ಲ. ಇಡೀ ಊರು ತನ್ನ ಭೂಮಿಯ ಒಡೆತನವನ್ನು ಊರಿನ ಸಮುದಾಯಕ್ಕೇ ಒಪ್ಪಿಸುವುದು. ದಾನವೆಂದರೆ ಸಮನಾಗಿ ಹಂಚಿಕೊಳ್ಳುವುದೆಂದು ಶಂಕರಾಚಾರ್ಯರು ಮಾಡಿದ ಅರ್ಥವನ್ನು ವಿನೋಬಾ ಮತ್ತೆ ಮತ್ತೆ ನೆನಪಿಸುತ್ತಿದ್ದರು. ನಮ್ಮ ಶರಣರಾದರೋ ದಾನವೆಂಬ ಮಾತಿನಲ್ಲಿಯೇ ಅಡಗಿರುವ ಅಹಂಕಾರವನ್ನು ಕಂಡು ಅದರ ಸ್ಥಾನದಲ್ಲಿ ದಾಸೋಹವನ್ನು ಇರಿಸಿದರು. ಕೊಡುವವನು ದೊಡ್ಡವನೆಂಬ ಭಾವ ದಾನದಲ್ಲಿ ಉಳಿಯಬಹುದು. ದಾಸೋಹದಲ್ಲಿ ಕೊಡುವವನೇ ದಾಸನು.

ಇಲವಾಲದ ಪರಿಷತ್ತು ಗ್ರಾಮದಾನದ ಧ್ಯೇಯವನ್ನು ಮೆಚ್ಚಿ ಹೇಳಿಕೆ ನೀಡಿತು. ಆದರೆ ದಾನವೆಂದು ಘೋಷಿತವಾದ ಭೂಮಿಯಲ್ಲಿ ಬಹಳಷ್ಟು ಉಳುವವನ ಕೈಗೆ ತಲುಪಲೇ ಇಲ್ಲವೆಂಬುದನ್ನೂ ಚರಿತ್ರೆ ದಾಖಲಿಸಿದೆ. ಇದೇ ರಸ್ತೆಯ ಮುಂದಿನ ಪಟ್ಟಣವಾದ ಹುಣಸೂರಿನ ಸೀಮೆಯಿಂದ ಬಂದ ಡಿ. ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ಭೂಸುಧಾರಣಾ ತಿದ್ದುಪಡಿಯು ಗೇಣಿಪದ್ಧತಿಯನ್ನು ರದ್ದುಗೊಳಿಸಿ ಅನೇಕ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿತು. ಆದರೆ ಗೇಣಿದಾರನೂ ಅಲ್ಲದೆ ಕೇವಲ ಕೂಲಿಯ ಆಳಾಗಿ ದುಡಿದವನ ಬಳಿ ತೋರಿಸಲು ಯಾವ ಕಾಗದವೂ ಇರಲಿಲ್ಲ. ಅವನು ಮೊದಲಿದ್ದಲ್ಲಿಯೇ ಉಳಿದನು. ಅಂತಹ ಒಬ್ಬನ ಕಾರಣದಿಂದಲೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಇಲವಾಲದ ಸೀಮೆಗೆ ಸೇರಿದ ಒಂದು ಹಳ್ಳಿಯಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಹಿರಿಯ ಗೃಹಸ್ಥರೊಬ್ಬರು ಲಿಂಗೈಕ್ಯರಾದರು. ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆ ಹಿಡಿದಿದ್ದವರು. ಅವರ ಸಮಾಧಿಕ್ರಿಯೆಯು ಸಂಪ್ರದಾಯದಂತೆ ಅವರದೇ ಹೊಲದ ಅಂಚಿನಲ್ಲಿ, ಹೊಂಗೆಯ ಮರದ ಬಳಿ ನಡೆದಿತ್ತು. ಶಿವಗಣಾರಾಧನೆಯ ದಿನ ಉಪನ್ಯಾಸ ಮಾಡಬೇಕೆಂದು ಮನೆಯವರು ನನ್ನನ್ನು ಕರೆಸಿದ್ದರು. ಉಪನ್ಯಾಸಕ್ಕೆ ಅವರೇ ಸೂಚಿಸಿದ ವಿಷಯ ಶರಣರ ಸಮತಾಭಾವ.

ನಾನು ಬೆಳಿಗ್ಗೆ ಅಲ್ಲಿಗೆ ಹೋದಾಗ ಚಪ್ಪರದ ಕೆಳಗೆ ಒಲೆಗಳು ಉರಿಯುತ್ತಿದ್ದವು. ಆದರೆ ಜನರ ಮುಖದಲ್ಲಿ ಏನೋ ಕಳವಳ. ವಿಚಾರಿಸಿದಾಗ ತಿಳಿಯಿತು. ಆ ಮನೆಯಲ್ಲಿ ನಲವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದ ಆಳುಮಗನೊಬ್ಬ ಅದೇ ಮುಂಜಾವಿನಲ್ಲಿ ತೀರಿಕೊಂಡಿದ್ದನು. ಊರಾಚೆಯ ಕೇರಿಯವನು. ಮಂಟೇಸ್ವಾಮಿಯ ಒಕ್ಕಲು, ವರ್ಷಕ್ಕೊಮ್ಮೆ ಶಿವರಾತ್ರಿಯ ಸಮಯದಲ್ಲಿ ಕಪ್ಪಡಿಯ ಜಾತ್ರೆಗೆ ಹೋಗಿಬರುವುದೊಂದೇ ಅವನು ಕೇಳುತ್ತಿದ್ದ ರಜೆ. ಯಜಮಾನರು ಹಾಸಿಗೆ ಹಿಡಿದ ನಾಲ್ಕು ವರ್ಷವೂ ಅವರನ್ನು ಎತ್ತಿ ಕೂರಿಸಿದವನು, ಮೈ ಒರೆಸಿದವನು, ಮಗ್ಗುಲು ಬದಲಿಸಿದವನು ಇವನೇ. ಮೂವರು ಗಂಡುಮಕ್ಕಳಲ್ಲಿ ಇಬ್ಬರು ನಗರದಲ್ಲಿದ್ದರು. ಮೂರನೆಯವರಿಗೆ ವ್ಯವಹಾರದ ಒತ್ತಡ.

ಕೇರಿಯವರು ಪೂರ್ವದಿಂದಲೂ ತಮ್ಮವರನ್ನು ಹೂಳುತ್ತಿದ್ದ ಕೆರೆಯಂಚಿನ ಜಾಗಕ್ಕೆ ಹೋಗುವ ದಾರಿಯು ಹೊಸ ನಿವೇಶನಗಳ ಬೇಲಿಯೊಳಗೆ ಸೇರಿಹೋಗಿತ್ತು. ಹೆಣವನ್ನು ಎಲ್ಲಿಗೆ ಒಯ್ಯುವುದೆಂದು ತಿಳಿಯದೆ ಅವನ ಮಗನು ಮನೆಯ ಮುಂದೆ ಬಂದು ನಿಂತಿದ್ದನು. ಯಜಮಾನರ ಪತ್ನಿಯವರು, ‘ನಮ್ಮ ಹೊಲದಂಚಿನಲ್ಲಿ ಜಾಗವಿದೆ, ಯಜಮಾನರ ಗದ್ದುಗೆಯಿಂದ ಹತ್ತು ಮಾರು ದೂರದಲ್ಲಿ ಮಣ್ಣು ಮಾಡಿ’ ಎಂದುಬಿಟ್ಟಿದ್ದರು. ಬಂಧುಗಳು ಒಪ್ಪಲಿಲ್ಲ. ಮೈಲಿಗೆಯೆಂದರು, ನಾಳೆ ಊರವರು ಏನೆಂದಾರು ಎಂದರು, ಜಮೀನಿಗೆ ಬೆಲೆ ಬಂದಿರುವ ಕಾಲದಲ್ಲಿ ಇದೊಂದು ತಕರಾರಾದೀತೆಂದರು.

ಆ ತಾಯಿ ನನ್ನನ್ನು ಒಳಗೆ ಕರೆದರು. ‘ಬುದ್ಧೀ, ನೀವು ಓದಿದೋರು. ಎರಡೇ ಮಾತು ಕೇಳ್ತೀನಿ. ಯಜಮಾನ್ರು ಕೈಲಾಸಕ್ಕೆ ಹೋದ್ರು ಅಂತ ಎಲ್ರೂ ಹೇಳ್ತಾವ್ರೆ. ಇವನೂ ಹೋಗ್ತಾನಾ? ಹೋಗ್ತಾನೆ ಅನ್ನೋದಾದ್ರೆ ಈ ಹೊಲದಲ್ಲಿ ಯಾಕೆ ಜಾಗ ಇಲ್ಲ?’

ಶಾಸ್ತ್ರಗಳನ್ನು ಓದಿದ ನನ್ನಂತಹವನಿಗೆ ಇದಕ್ಕೆ ಉತ್ತರ ತಿಳಿಯದಿರಲಿಲ್ಲ. ಆದರೆ ಹೊರಗೆ ಕುಳಿತಿದ್ದ ಬಂಧುಗಳ ಮುಖಗಳು ನನ್ನ ಕಣ್ಣಮುಂದೆ ಬಂದವು. ‘ದೇಶಾಚಾರವನ್ನೂ ನೋಡಬೇಕಾಗುತ್ತದೆ ತಾಯಿ, ಹಿರಿಯರು ಕುಳಿತು ತೀರ್ಮಾನ ಮಾಡಲಿ’ ಎಂದುಬಿಟ್ಟೆ. ಅವರು ಮತ್ತೆ ಮಾತನಾಡಲಿಲ್ಲ. ಹಿರಿಯರು ಕುಳಿತರು, ತೀರ್ಮಾನವೂ ಆಯಿತು. ಸಂಜೆಯ ಹೊತ್ತಿಗೆ ಟ್ರಾಕ್ಟರಿನಲ್ಲಿ ಹೆಣವನ್ನು ಹೇರಿಕೊಂಡು ಮೂರು ಮೈಲಿಯಾಚೆಯ ನೆಂಟರ ಊರಿಗೆ ಒಯ್ದರು. ಆ ಟ್ರಾಕ್ಟರು ಚಪ್ಪರದ ಮುಂದೆ ಹಾದುಹೋದಾಗ ನಾನು ಧ್ವನಿವರ್ಧಕದ ಎದುರು ನಿಂತು ಶರಣರ ಸಮತಾಭಾವವನ್ನು ಕುರಿತು ಮಾತನಾಡುತ್ತಿದ್ದೆ. ಮಾತು ಒಂದು ಕ್ಷಣವೂ ತಡವರಿಸಲಿಲ್ಲ ಎಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಮಹಾಭಾರತದ ಸ್ವರ್ಗಾರೋಹಣ ಪರ್ವವು ನೆನಪಾಯಿತು. ಕುಮಾರವ್ಯಾಸನು ಗದಾಪರ್ವಕ್ಕೆ ನಿಲ್ಲಿಸಿದ ಕನ್ನಡ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರ್ಣಗೊಳಿಸಿದ್ದರಿಂದ ಆ ಕಥೆ ನಮ್ಮ ಹಳ್ಳಿಗಳ ವಾಚನಗಳಿಗೂ ಬಂದಿತು. ಧರ್ಮರಾಯನು ಸ್ವರ್ಗವನ್ನು ಮುಟ್ಟಿದಾಗ ಅಲ್ಲಿ ಮೊದಲು ಕಂಡದ್ದು ವೈಭವದಿಂದ ಕುಳಿತ ದುರ್ಯೋಧನನನ್ನು. ತಮ್ಮಂದಿರೆಲ್ಲಿ, ದ್ರೌಪದಿಯೆಲ್ಲಿ ಎಂದು ಕೇಳಿದರೆ ದೇವದೂತನು ಕತ್ತಲೆಯ, ದುರ್ಗಂಧದ ದಾರಿಗೆ ಕರೆದೊಯ್ದನು. ಅವರ ನರಳಾಟವು ಕೇಳಿಸಿತು. ‘ಇವರಿರುವ ಸ್ಥಳವೇ ನನಗೆ ಸ್ವರ್ಗ, ನಾನು ಇಲ್ಲಿಯೇ ಇರುತ್ತೇನೆ’ ಎಂಬ ಅರ್ಥದ ಮಾತನ್ನು ಅವನು ಆಡಿದ ಮೇಲೆಯೇ ಆ ಮಾಯೆ ಕರಗಿತು. ದೇವತೆಗಳ ನ್ಯಾಯವನ್ನೇ ಪ್ರಶ್ನಿಸುವ ಧೈರ್ಯ ಅವನಿಗಿತ್ತು. ನನಗೆ ಹತ್ತು ಜನ ಬಂಧುಗಳನ್ನು ಪ್ರಶ್ನಿಸುವ ಧೈರ್ಯವಿರಲಿಲ್ಲ.

ನಮ್ಮ ಪರಂಪರೆಯಲ್ಲಿಯೇ ಇನ್ನೊಂದು ಕಥೆಯಿದೆ. ಕಂಚಿಯ ಸಿರಿಯಾಳನ ಕಥೆಯನ್ನು ಅರಿಯದ ಶಿವಭಕ್ತರ ಮನೆಯಿಲ್ಲ. ಅವನ ಕಠಿಣವಾದ ಭಕ್ತಿಯನ್ನು ಎಲ್ಲರೂ ಹೇಳುತ್ತಾರೆ. ಕಥೆಯ ಕೊನೆಯನ್ನು ಮಾತ್ರ ಅಷ್ಟಾಗಿ ಗಮನಿಸುವುದಿಲ್ಲ. ಶಿವನು ಕೈಲಾಸಕ್ಕೆ ಕರೆದಾಗ ಸಿರಿಯಾಳನು ತಾನೊಬ್ಬನೇ ಹೋಗಲಿಲ್ಲ; ಕಂಚಿಯ ಏಳು ಕೇರಿಯ ಜನರನ್ನೂ ಜೊತೆಗೆ ಕರೆದೊಯ್ದನೆಂದು ನಮ್ಮ ಪುರಾಣ ಪರಂಪರೆ ಹೇಳುತ್ತದೆ. ಏಳು ಕೇರಿಯೆಂದ ಮೇಲೆ ಅಲ್ಲಿ ಭಕ್ತರಷ್ಟೇ ಇದ್ದರೆಂದು ಹೇಳಲಾಗದು. ಎಲ್ಲ ಕಸುಬಿನವರೂ, ಎಲ್ಲ ಸ್ವಭಾವದವರೂ ಇದ್ದಿರಲೇಬೇಕು. ಒಂದು ಇಡೀ ಊರಿನ ಕೈಲಾಸಯಾತ್ರೆಯದು. ವಿನೋಬಾ ಇಲವಾಲದಲ್ಲಿ ಭೂಮಿಯನ್ನು ಕುರಿತು ಹೇಳಿದ್ದನ್ನು ಈ ಕಥೆ ಮುಕ್ತಿಯನ್ನು ಕುರಿತು ಹೇಳುತ್ತದೆ: ಒಬ್ಬನ ಗಳಿಕೆಯು ಊರಿನ ಪಾಲಾಗದಿದ್ದರೆ ಅದು ಪೂರ್ಣವಲ್ಲ.

ಆದರೆ ಶರಣರು ಇದಕ್ಕಿಂತಲೂ ಒಂದು ಹೆಜ್ಜೆ ಮುಂದೆ ಹೋದರು. ಸತ್ತ ಮೇಲೆ ಸೇರುವ ದೂರದ ಲೋಕವನ್ನು ನೆಚ್ಚಿಕೊಳ್ಳುವುದನ್ನೇ ಅವರು ಬಿಟ್ಟರು. ನಡೆನುಡಿಯ ಶುದ್ಧಿಯಲ್ಲಿಯೇ ದೇವಲೋಕವಿದೆಯೆಂದು ಬಸವಣ್ಣನವರು ತಿಳಿಸಿದರು. ಭಕ್ತಸ್ಥಲದಿಂದ ಆರಂಭವಾಗುವ ಷಟ್‌ಸ್ಥಲಗಳ ಕೊನೆಯ ಮೆಟ್ಟಿಲು ಐಕ್ಯ. ಅದು ಒಂದು ಊರಲ್ಲ, ಬಾಗಿಲಲ್ಲ, ಕಾವಲುಗಾರನಿರುವ ಕೋಟೆಯಲ್ಲ. ಅಂಗವು ಲಿಂಗದಲ್ಲಿ ಬೆರೆಯುವ ಸ್ಥಿತಿ. ನೀರು ನೀರಿನಲ್ಲಿ ಬೆರೆತ ಮೇಲೆ ಇದು ಯಾವ ಕೇರಿಯ ಕೊಡದ ನೀರೆಂದು ಕೇಳುವವರುಂಟೆ? ಅಷ್ಟೇ ಅಲ್ಲ, ಲಿಂಗವಂತನಿಗೆ ಐದು ಸೂತಕಗಳಿಲ್ಲವೆಂದು ಶರಣರು ಸಾರಿದರು. ಆ ಐದರಲ್ಲಿ ಜಾತಿಸೂತಕವೂ ಒಂದು, ಪ್ರೇತಸೂತಕವೂ ಒಂದು. ಹೊಲದಂಚಿನಲ್ಲಿ ಮೈಲಿಗೆಯೆಂದು ಅಡ್ಡಬಂದ ಬಂಧುಗಳು ಈ ಎರಡೂ ಸೂತಕಗಳನ್ನು ಒಂದೇ ಮಾತಿನಲ್ಲಿ ಮರಳಿ ತಂದಿದ್ದರು. ನಾನು ದೇಶಾಚಾರವೆಂದು ಕರೆದದ್ದು ವಾಸ್ತವವಾಗಿ ನಮ್ಮ ಧರ್ಮವು ಎಂದೋ ನಿರಾಕರಿಸಿದ ಆಚಾರವಾಗಿತ್ತು.

ಇಲ್ಲಿ ಓದುಗರಲ್ಲಿ ಕೆಲವರಿಗೆ ನ್ಯಾಯವಾದ ಸಂದೇಹವೊಂದು ಬರಬಹುದು. ಎಲ್ಲರಿಗೂ ಕೈಲಾಸವಾದರೆ ದೀಕ್ಷೆಯೇಕೆ, ಇಷ್ಟಲಿಂಗವೇಕೆ, ನಿತ್ಯದ ಪೂಜೆಯೇಕೆ? ಒಳ್ಳೆಯವನಿಗೂ ಕೆಟ್ಟವನಿಗೂ ಒಂದೇ ಗತಿಯಾದರೆ ನ್ಯಾಯವೆಲ್ಲಿ? ಸಂದೇಹವು ಹಗುರವಾದುದಲ್ಲ. ಆದರೆ ಇಷ್ಟಲಿಂಗವನ್ನು ಶರಣರು ಕೊಟ್ಟದ್ದು ಸಾಧನೆಗೆಂದೇ ಹೊರತು ಬಾಗಿಲಲ್ಲಿ ತೋರಿಸಬೇಕಾದ ರಹದಾರಿಯೆಂದಲ್ಲ. ಹನ್ನೆರಡನೆಯ ಶತಮಾನದಲ್ಲಿ ಮಾದಾರರಿಗೂ, ಅಂಬಿಗರಿಗೂ, ಮಡಿವಾಳರಿಗೂ, ಸ್ತ್ರೀಯರಿಗೂ ಅದು ದೊರೆಯಿತು. ಹುಟ್ಟಿನ ಬೇಲಿಯನ್ನು ಮುರಿಯಲೆಂದೇ ಬಂದ ಲಿಂಗವನ್ನು ನಾವು ಹುಟ್ಟಿನ ಬೇಲಿಯ ಗೂಟವನ್ನಾಗಿ ಮಾಡಿಕೊಂಡರೆ ದೋಷವು ಲಿಂಗದ್ದಲ್ಲ. ನಾಲ್ಕು ವರ್ಷ ಒಬ್ಬ ರೋಗಿಯ ದೇಹವನ್ನೇ ಪೂಜೆಯಂತೆ ಶುಚಿಗೊಳಿಸಿದವನ ಕೈಗಳಿಗೆ ದೀಕ್ಷೆಯಾಗಿರಲಿಲ್ಲ, ನಿಜ. ಆದರೆ ದೀಕ್ಷೆ ಪಡೆದ ನಮ್ಮ ಕೈಗಳು ಆ ನಾಲ್ಕು ವರ್ಷ ಏನು ಮಾಡುತ್ತಿದ್ದವು? ಕೆಟ್ಟವನ ಲೆಕ್ಕವನ್ನು ಶಿವನು ನೋಡಿಕೊಂಡಾನು. ಒಳ್ಳೆಯವನಿಗೆ ನಾವು ಮಾಡಿದ ಅನ್ಯಾಯದ ಲೆಕ್ಕ ನಮ್ಮದು.

ಕೂಲಿಯವನೊಬ್ಬನ ನೈವೇದ್ಯವು ಅರಸನ ನೈವೇದ್ಯಕ್ಕಿಂತ ಮಿಗಿಲಾಯಿತೆಂದು ಹೇಳುವ ಮಾದಾರ ಚೆನ್ನಯ್ಯನ ಕಥೆಯನ್ನು ನಾವು ಭಕ್ತಿಯಿಂದ ಕೇಳುತ್ತೇವೆ. ಚೋಳರಾಜನ ಕುದುರೆಗಳಿಗೆ ಹುಲ್ಲು ತರುತ್ತಿದ್ದ ಚೆನ್ನಯ್ಯನ ಮನೆಯಲ್ಲಿ ಶಿವನು ಅಂಬಲಿಯನ್ನು ಸವಿದನು. ಬಸವಣ್ಣನವರು ಆ ಚೆನ್ನಯ್ಯನೊಡನೆಯೇ ತಮ್ಮ ಬಂಧುತ್ವವನ್ನು ಹೇಳಿಕೊಂಡರು. ಆದರೆ ಇದೇ ಕಥೆಯನ್ನು ಕೇರಿಯ ಕಡೆಯಿಂದಲೂ ಒಮ್ಮೆ ಕೇಳಬೇಕು. ಮೈಸೂರು, ಮಂಡ್ಯ, ಚಾಮರಾಜನಗರದ ಸೀಮೆಗಳಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆಯಲ್ಲಿ ಕಲ್ಯಾಣಪಟ್ಟಣದ ಪ್ರಸಂಗವಿದೆ. ಕಲ್ಯಾಣದಲ್ಲಿ ಸೇರಿದ ಅಸಂಖ್ಯಾತ ಜಂಗಮರ ಭಕ್ತಿಯು ನಿಜವೋ ಸುಳ್ಳೋ ಎಂದು ಪರೀಕ್ಷಿಸಲು ಮಂಟೇಸ್ವಾಮಿಯು ಅಸಹ್ಯವಾದ ರೂಪದಲ್ಲಿ, ದುರ್ವಾಸನೆಯೊಡನೆ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿದ್ದವರು ಅವನನ್ನು ತಡೆಯುತ್ತಾರೆ. ಬಂದವನು ಯಾರೆಂಬುದನ್ನು ಕೊನೆಗೆ ಅರಿಯುವವರು ಬಸವಣ್ಣ ಮತ್ತು ನೀಲಮ್ಮ. ಈ ಕಾವ್ಯವನ್ನು ವಿದ್ವಾಂಸನಾಗಿ ನಾನು ಹಿಂದೆಯೇ ಓದಿದ್ದೆ, ಟಿಪ್ಪಣಿಗಳನ್ನೂ ಮಾಡಿಕೊಂಡಿದ್ದೆ. ಅಂದು ಆ ಹಳ್ಳಿಯಲ್ಲಿ ಮಂಟೇಸ್ವಾಮಿಯ ಒಕ್ಕಲೊಬ್ಬನ ಹೆಣ ಬಾಗಿಲಿಗೆ ಬಂದಾಗ ಕಾವಲುಗಾರರ ಸಾಲಿನಲ್ಲಿ ನಾನೂ ನಿಂತಿದ್ದೆನೆಂಬುದು ಆಮೇಲೆ ಅರಿವಾಯಿತು.

ವರ್ಷ ತುಂಬಿದಾಗ ಮತ್ತೆ ಆ ಮನೆಯಿಂದ ಕರೆ ಬಂದಿತು. ಈ ಸಲ ಉಪನ್ಯಾಸ ಬೇಡವೆಂದು ಮೊದಲೇ ತಿಳಿಸಿ ಹೋದೆ. ಪ್ರಸಾದವಾದ ಮೇಲೆ ಆ ತಾಯಿ ನನ್ನನ್ನು ಹೊಲಕ್ಕೆ ಕರೆದೊಯ್ದರು. ಯಜಮಾನರ ಗದ್ದುಗೆಯ ಆಚೆ, ಹೊಂಗೆಯ ನೆರಳು ಮುಗಿಯುವಲ್ಲಿ, ಅಗಲವಾದ ಒಂದು ಪಟ್ಟಿಯನ್ನು ಉಳದೆ ಬಿಟ್ಟಿದ್ದರು. ಸುತ್ತಲೂ ರಾಗಿಯ ಪೈರು ಎದ್ದಿತ್ತು. ಆ ಪಟ್ಟಿಯಲ್ಲಿ ಮಾತ್ರ ಹುಲ್ಲು. ‘ಇದನ್ನ ಕೇರಿಯೋರಿಗೆ ಮಣ್ಣಿಗೆ ಅಂತ ಬಿಟ್ಟಿವ್ನಿ ಬುದ್ಧೀ. ದೊಡ್ಡೋನೂ ನಡುಕ್ಲೋನೂ ಒಪ್ಪವ್ರೆ. ಚಿಕ್ಕೋನು ಒಪ್ಪಿಲ್ಲ. ಜಮೀನಿಗೆ ಗಿರಾಕಿ ಬಂದವ್ರೆ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಅವತ್ತು ಕೇಳಿದ್ದಕ್ಕೆ ನೀವು ಉತ್ತರ ಹೇಳಲಿಲ್ಲ. ನಾನೇ ಯೋಚ್ನೆ ಮಾಡ್ಕಂಡೆ. ಅವನು ಎತ್ತಿ ಕೂರಿಸದೆ ಯಜಮಾನ್ರು ನಾಲ್ಕು ವರ್ಷ ಎದ್ದು ಕೂರ್ಲಿಲ್ಲ. ಅವನನ್ನ ಬಿಟ್ಟು ಅವರೊಬ್ರೇ ಕೈಲಾಸಕ್ಕೆ ಹೆಂಗೆ ಹೋದಾರು?’ ಎಂದರು.

ಸಿರಿಯಾಳನ ಕಥೆಯ ಸಾರವನ್ನು ಅಕ್ಷರ ಕಲಿಯದ ಆ ತಾಯಿ ತಮ್ಮ ಮನೆಯ ಅನುಭವದಿಂದಲೇ ಕಂಡುಕೊಂಡಿದ್ದರು. ಮಹಾಮನೆಯ ಅಂಗಳದಲ್ಲಿ ಆಯ್ದು ತಂದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾದಾಗ ಹಿಂದಿರುಗಿಸಿ ಬರಲು ಮಾರಯ್ಯನವರಿಗೆ ಹೇಳಿದ ಆಯ್ದಕ್ಕಿ ಲಕ್ಕಮ್ಮನವರ ನೆನಪಾಯಿತು. ಕಲ್ಯಾಣದ ಮಹಾಮನೆಯಲ್ಲಿ ಅಂದು ಗಂಡನನ್ನು ತಿದ್ದಿದ್ದೂ ಒಬ್ಬ ಹೆಂಗಸೇ.

ನಾನು ಆ ಸಂಜೆಯೇ ಕಿರಿಯ ಮಗನೊಡನೆ ಕುಳಿತು ಮಾತನಾಡಿದೆ. ಹಿಂದಿನ ವರ್ಷ ನಾನು ಹೇಳಿದ ಮಾತು ತಪ್ಪೆಂದು ಮೊದಲು ಒಪ್ಪಿಕೊಂಡೆ. ಪಂಚಸೂತಕಗಳ ವಿಚಾರವನ್ನು ತಿಳಿಸಿದೆ. ಪ್ರತಿ ಗ್ರಾಮಕ್ಕೂ ಸ್ಮಶಾನಭೂಮಿಯನ್ನು ಒದಗಿಸಬೇಕೆಂದು ನಮ್ಮ ರಾಜ್ಯದ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿದ್ದನ್ನೂ ಹೇಳಿದೆ. ನ್ಯಾಯಾಲಯವು ಸರ್ಕಾರಕ್ಕೆ ಹೇಳಬೇಕಾಗಿ ಬಂದದ್ದನ್ನು ಬಸವಣ್ಣನವರ ಹೆಸರು ಹೇಳುವ ಮನೆಯೊಂದು ತಾನಾಗಿಯೇ ಮಾಡಿದರೆ ಎಷ್ಟು ಸೊಗಸು ಎಂದೆ. ಆತನು ಒಪ್ಪಲಿಲ್ಲ, ತಿರಸ್ಕರಿಸಲೂ ಇಲ್ಲ. ‘ಯೋಚನೆ ಮಾಡ್ತೀನಿ ಬುದ್ಧೀ’ ಎಂದನು. ಈ ಲೇಖನವನ್ನು ಬರೆಯುವ ಹೊತ್ತಿಗೂ ಆ ಪಟ್ಟಿಯು ಉಳದೆ ಹಾಗೆಯೇ ಇದೆ, ಕಾಗದವಾಗಿಲ್ಲ. ನಾನು ಎರಡು ತಿಂಗಳಿಗೊಮ್ಮೆ ಇಲವಾಲದ ಬಸ್ಸು ಹತ್ತುತ್ತೇನೆ.

ಬಸ್ಸಿನಿಂದ ಇಳಿದು ಕವಲುದಾರಿಯಲ್ಲಿ ನಿಂತಾಗಲೆಲ್ಲ 1957ರ ಆ ಎರಡು ದಿನಗಳ ಚಿತ್ರ ಮನಸ್ಸಿಗೆ ಬರುತ್ತದೆ. ರಾಷ್ಟ್ರದ ಹಿರಿಯರೆಲ್ಲ ಕುಳಿತು ಚರ್ಚಿಸಿದರೂ ಇತ್ಯರ್ಥವಾಗದ ಪ್ರಶ್ನೆಯು ಇನ್ನೂ ಇಲ್ಲಿಯ ಹೊಲದ ಬದುಗಳ ಮೇಲೆ ಕಾಯುತ್ತ ಕುಳಿತಿದೆಯೆನಿಸುತ್ತದೆ. ಸಹೃದಯ ಬಂಧುಗಳೇ, ನಮ್ಮ ನಮ್ಮ ಮನೆಗಳಲ್ಲಿ ಹಿರಿಯರು ಲಿಂಗೈಕ್ಯರಾದಾಗ ಅವರಿಗೆ ಕೈಲಾಸಪ್ರಾಪ್ತಿಯಾಗಲೆಂದು ಪ್ರಾರ್ಥಿಸುತ್ತೇವೆ. ಆ ಪ್ರಾರ್ಥನೆಯನ್ನು ಮಾಡುವ ಮೊದಲು, ಅವರನ್ನು ಬದುಕಿನುದ್ದಕ್ಕೂ ಹೊತ್ತವರು ಯಾರು, ಅವರಿಗೆ ನಮ್ಮ ಊರಿನಲ್ಲಿ ಒಂದು ಹಿಡಿ ಮಣ್ಣಿದೆಯೇ ಎಂದು ವಿಚಾರಿಸೋಣ. ಕೈಲಾಸದಲ್ಲಿ ಯಾರಿಗೆ ಜಾಗವೆಂಬುದನ್ನು ಶಿವನು ಬಲ್ಲನು. ಹೊಲದಂಚಿನ ಜಾಗ ಮಾತ್ರ ನಮ್ಮ ಕೈಯಲ್ಲಿದೆ.